ಹಂಡೆಯೊಳಗೆ ಹೇಳಿದ ಗುಟ್ಟು

ನೀವು ಬೇರೆ ಊರಿನವರು, ಓದಿ ಎದ್ದು ಹೋಗುವವರು, ಅದಕ್ಕೇ ಹೇಳುತ್ತಿದ್ದೇನೆ. ನಮ್ಮೂರಿನಲ್ಲಿ ಯಾರಾದರೂ ಏನನ್ನಾದರೂ ಮನಸ್ಸಿನಲ್ಲಿ ಮುಚ್ಚಿಟ್ಟುಕೊಂಡರೆ ಅವರ ಮೈಯಿಂದ ಹಲಸಿನ ಹಣ್ಣಿನ ವಾಸನೆ ಬರುತ್ತದೆ. ಸಣ್ಣ ವಿಷಯವಾದರೆ ಒಂದು ತೊಳೆಯಷ್ಟು, ದೊಡ್ಡದಾದರೆ ಪಕ್ಕದಲ್ಲೇ ಯಾರೋ ಇಡೀ ಹಣ್ಣು ಕೊಯ್ದು ಹರಡಿದಷ್ಟು. ಯಾರಿಂದ ಮುಚ್ಚಿಡಬೇಕಿತ್ತೋ ಅವರಿಗೆ ವಿಷಯ ಗೊತ್ತಾದ ಕ್ಷಣ ವಾಸನೆ ಮಾಯ. ಯಾಕೆ ಹೀಗೆ ಎಂದು ನಾವು ಯಾರೂ ತಲೆ ಕೆಡಿಸಿಕೊಂಡಿಲ್ಲ. ಬಾವಿಯಲ್ಲಿ ನೀರು ಯಾಕಿದೆ ಎಂದು ಯಾರಾದರೂ ಕೇಳುತ್ತಾರೆಯೇ?

ಹೊಂದಿಕೊಂಡು ಬದುಕುತ್ತಿದ್ದೇವೆ. ನಮ್ಮಲ್ಲಿ ಇಸ್ಪೀಟಾಟ ಇಲ್ಲ. ಹೊಸದಾಗಿ ಬಸುರಾದವಳು ಮೂರು ತಿಂಗಳು ಬಾಯಿ ಬಿಡಬಾರದು ಎಂಬ ಪದ್ಧತಿಯೂ ಇಲ್ಲ, ಬೆಳಗ್ಗೆ ಎದ್ದ ಅತ್ತೆ ಮೂಗು ಅರಳಿಸಿ ಸೀದಾ ಸಕ್ಕರೆ ಹಂಚಲು ಹೊರಡುತ್ತಾಳೆ. ಹೆಣ್ಣು ನೋಡಲು ಬಂದ ಗಂಡು ಮೈಗೆ ಅತ್ತರು ಪೂಸಿಕೊಂಡು ಬಂದರೆ ಉಪ್ಪಿಟ್ಟು ಕೂಡ ಕೊಡದೆ ಕಳಿಸುತ್ತೇವೆ. ಹಲಸಿನ ಕಾಲ ಬಂದಾಗ ಮಾತ್ರ ಊರಿಗೆ ಊರೇ ಮೈಚಳಿ ಬಿಟ್ಟುಬಿಡುತ್ತದೆ. ಎಲ್ಲರ ಮನೆಯಲ್ಲೂ ಹಣ್ಣು, ಯಾವ ವಾಸನೆ ಹಣ್ಣಿನದು ಯಾವುದು ಮನುಷ್ಯರದು ಎಂದು ಯಾರು ಹೇಳಬೇಕು? ಪ್ರೇಮ, ಚಾಡಿ, ಅತ್ತೆಗೆ ತಿಳಿಯದಂತೆ ಸೀರೆ ಕೊಳ್ಳುವುದು, ಎಲ್ಲವನ್ನೂ ಆ ಕಾಲಕ್ಕೇ ಕಟ್ಟಿಟ್ಟಿರುತ್ತೇವೆ.

ಇಂಥ ಊರಿನಲ್ಲಿ ಒಂದು ಗುಪ್ತ ಸಂಘ ಇದೆ. ಪೂರ್ತಿ ಹೆಸರು ಶ್ರೀ ಸಪ್ತ ವ್ಯಾಘ್ರವೀರ ಗುಪ್ತ ಸಹೋದರ ಸಂಘ. ಎಣ್ಣೆ ಗಾಣದ ಮೇಲಿನ ಮಾಳಿಗೆಯಲ್ಲಿ ಇದರ ಠಾವು. ಗುಪ್ತ ಸಂಘವಾದ್ದರಿಂದ ಬೋರ್ಡನ್ನು ಅಕ್ಷರ ಗೋಡೆಯ ಕಡೆಗೆ ಬರುವಂತೆ ತೂಗುಹಾಕಿದ್ದಾರೆ.

ಸಂಘದ ಇತಿಹಾಸ ನಮ್ಮೂರ ಶಾಲೆಯ ಮಕ್ಕಳಿಗೆಲ್ಲ ಬಾಯಿಪಾಠ. ಬಹಳ ಹಿಂದೆ ಊರಾಚೆಯ ಗುಡ್ಡಕ್ಕೆ ಹುಲಿ ಬಂದಿದೆ ಎಂದು ಜನ ಬಾಗಿಲು ಹಾಕಿಕೊಂಡು ಕೂತಿದ್ದರು. ಏಳು ಜನ ಗಂಡಸರು ಭರ್ಜಿ ಹಿಡಿದು ಹೋದರು. ಮುಸ್ಸಂಜೆಯಲ್ಲಿ ಹುಲಿ ಪೊದೆಯ ಮೇಲಿಂದ ಹಾರಲು ಸಿದ್ಧವಾಗಿತ್ತಂತೆ, ಏಳೂ ಜನ ಒಟ್ಟಿಗೇ ತಿವಿದರಂತೆ. ಚರ್ಮವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದು ಊರಿಗೆ ತಂದರು. ಊರವರು ಹಾರ ಹಿಡಿದು ಹತ್ತಿರ ಹೋದರೆ ಏಳೂ ಜನರ ಮೈ ಹಲಸು ಹಲಸು. ಏನಪ್ಪಾ ಇದು ಎಂದು ಕೇಳಿದ್ದಕ್ಕೆ, “ಇದು ವೀರರ ಗುಟ್ಟು, ಕೇಳಬಾರದು” ಎಂದರು. ಅಲ್ಲಿಗೆ ಸಂಘ ಹುಟ್ಟಿತು. ಈಗ ಚೌಕದಲ್ಲಿ ಏಳು ವೀರರ ಕಲ್ಲಿನ ಪ್ರತಿಮೆ ಇದೆ. ಕಲ್ಲು ಕಡಿಮೆ ಬಿದ್ದು ಹುಲಿ ಬೆಕ್ಕಿನಷ್ಟಾಗಿದೆ.

ಸಂಘದಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಅಣ್ಣಾ ಎಂದೇ ಕರೆಯಬೇಕು. ಅಪ್ಪ ಮಗ ಇಬ್ಬರೂ ಸದಸ್ಯರಾದರೆ ಅಪ್ಪನಿಗೆ ಮಗನೂ ಅಣ್ಣನೇ. ಸದ್ದು ಮಾಡುವ ತಿಂಡಿ ನಿಷಿದ್ಧ, ಚಕ್ಕುಲಿಯನ್ನೂ ಹಾಲಿನಲ್ಲಿ ನೆನೆಸಿ ತಿನ್ನಬೇಕು. ಒಬ್ಬ ಚಪ್ಪಲಿಯಿಂದ ಕಲ್ಲು ಕೊಡವಿದರೆ ಇನ್ನೊಬ್ಬ ಆಕಾಶ ನೋಡಿ ಆಕಳಿಸಬೇಕು, ಇದು ಗುರುತು. ಬಸ್ ಸ್ಟ್ಯಾಂಡಿನಲ್ಲಿ ಯಾರಿಗಾದರೂ ನಿಜವಾಗಿ ಕಲ್ಲು ಚುಚ್ಚಿದರೂ ನಾಲ್ಕು ಜನ ಆಕಳಿಸುತ್ತಾರೆ. ಹೊಸ ಸದಸ್ಯನಿಗೆ ಕಣ್ಣು ಕಟ್ಟಿ ಗುಟ್ಟಾಗಿ ಪೇಟೆಯ ನಡುವೆ ಕರೆದುಕೊಂಡು ಹೋಗುತ್ತಾರೆ. ಅಂಗಡಿಯವರು “ಹುಷಾರಪ್ಪಾ, ಎಡಕ್ಕೆ ಚರಂಡಿ” ಎಂದು ದಾರಿ ತೋರಿಸುತ್ತಾರೆ. ಹೀಗೆ ಎಲ್ಲ ಗುಟ್ಟೂ ಊರಿಗೆ ಗೊತ್ತಿರುವುದರಿಂದ ಸದಸ್ಯರ ಮೈಯಲ್ಲಿ ಎಳ್ಳಷ್ಟೂ ವಾಸನೆ ಇರುವುದಿಲ್ಲ.

ವಾಸನೆ ಇರುವುದು ಒಬ್ಬನಿಗೆ ಮಾತ್ರ, ದೊಡ್ಡಣ್ಣನಿಗೆ. ಮೂಲಗುಟ್ಟು ಅವನೊಬ್ಬನಿಗೇ ಗೊತ್ತು. ಪೆಟ್ಟಿಗೆಯ ಕೀ ಅವನ ಸೊಂಟದಲ್ಲಿ. ಹಿಂದಿನ ದೊಡ್ಡಣ್ಣ ಮುಂದಿನವನ ಬಲಗಿವಿಯಲ್ಲಿ ಒಂದೇ ಉಸಿರಿನಲ್ಲಿ, ಒಂದೇ ಒಂದು ಸಲ ಗುಟ್ಟನ್ನು ಹೇಳಬೇಕು. ಎರಡನೇ ಸಲ ಹೇಳುವಂತಿಲ್ಲ, ಕೇಳುವಂತಿಲ್ಲ. ಗುಟ್ಟು ಕಳೆದುಕೊಂಡ ದೊಡ್ಡಣ್ಣನ ಪೇಟವನ್ನು ಚೌಕದಲ್ಲಿ ಕತ್ತೆಯ ತಲೆಗೆ ಸುತ್ತಿ, ಸಂಘದ ಬೋರ್ಡನ್ನು ಅಕ್ಷರ ಹೊರಗೆ ಬರುವಂತೆ ತಿರುಗಿಸಬೇಕು. ಅಂದರೆ ಸಂಘ ಸತ್ತಂತೆ.

ನಮ್ಮ ಕಾಲದ ದೊಡ್ಡಣ್ಣ ಮರುಳಯ್ಯನವರು. ಪಾತ್ರೆ ಅಂಗಡಿ. ಪಾತ್ರೆಗಳ ತಗ್ಗು ತೆಗೆಯುವುದರಲ್ಲಿ, ಮದುವೆ ಬೋಸಿಗಳ ಮೇಲೆ ಹೆಸರು ಕೆತ್ತುವುದರಲ್ಲಿ ಆಯುಸ್ಸು ಕಳೆದವರು. ಅವರು ಬೀದಿಯಲ್ಲಿ ನಡೆದರೆ ಹಿಂದೆ ನೊಣಗಳ ದಂಡು, ಅದರ ಹಿಂದೆ ಒಂದೆರಡು ಮೇಕೆ. ರಾಜನಿಗೆ ಛತ್ರಿ ಹಿಡಿದ ಹಾಗೆ ಅವರಿಗೆ ಅದು. ಹೆಂಡತಿ ಹಾಲಮ್ಮ ಮದುವೆಯಾದ ದಿನದಿಂದ ಆ ವಾಸನೆಯ ಪಕ್ಕದಲ್ಲೇ ಮಲಗಿದವರು, ಒಂದು ದಿನವೂ ಏನು ಎಂದು ಕೇಳಿದವರಲ್ಲ. ಸ್ವತಃ ಹಾಲಮ್ಮನ ಮೈಯಲ್ಲಿ ಯಾವತ್ತೂ ವಾಸನೆ ಬಂದಿರಲಿಲ್ಲ, ಅವರು ಮನಸ್ಸಿಗೆ ಬಂದದ್ದನ್ನು ಬಾಯಿಗೆ ತರುವವರು.

ವಯಸ್ಸಾಯಿತು ಎಂದು ಮರುಳಯ್ಯನವರು ಬರುವ ಅಮಾವಾಸ್ಯೆಗೆ ಪಟ್ಟ ಬಿಟ್ಟುಕೊಡುವುದೆಂದು ನಿಶ್ಚಯವಾಯಿತು. ಹಿಟ್ಟಿನ ಗಿರಣಿಯ ಕಲ್ಲೇಶಪ್ಪ ಮುಂದಿನ ದೊಡ್ಡಣ್ಣ. ಆಗ ಮರುಳಯ್ಯನವರಿಗೆ ಒಂದು ಭಯ ಹಿಡಿಯಿತು. ಆ ಮಾತನ್ನು ಕೇಳಿಸಿಕೊಂಡ ದಿನದಿಂದ ಅವರು ಒಮ್ಮೆಯೂ ಬಾಯಿ ಬಿಟ್ಟು ಆಡಿರಲಿಲ್ಲ. ಒಂದೇ ಉಸಿರು, ಒಂದೇ ಸಲ. ಮಧ್ಯೆ ಕೆಮ್ಮು ಬಂದರೆ? ಅಭ್ಯಾಸ ಮಾಡಿಕೊಳ್ಳಬೇಕು ಎಂದುಕೊಂಡರು.

ಎಲ್ಲಿ ಮಾಡುವುದು? ಮನೆಯಲ್ಲಿ ಹಾಲಮ್ಮ. ಹೊಲದಲ್ಲಿ ದನ ಕಾಯುವವರು. ಕೊನೆಗೆ ಊಟದ ಹೊತ್ತಿನಲ್ಲಿ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು, ಎಲ್ಲಕ್ಕಿಂತ ದೊಡ್ಡದಾದ ತಾಮ್ರದ ಹಂಡೆಯೊಳಗೆ ತಲೆ ತೂರಿಸಿ ಪಿಸುಗುಟ್ಟಿದರು. ಅವರ ಲೆಕ್ಕದಲ್ಲಿ ಅದು ಪಿಸುಮಾತು. ಜೀವಮಾನವೆಲ್ಲ ಪಾತ್ರೆ ಬಡಿದು ಅವರ ಕಿವಿ ಮಂದವಾಗಿತ್ತು, ಅದನ್ನು ಒಪ್ಪಿಕೊಳ್ಳುವವರು ಅವರಲ್ಲ. ಹಂಡೆ ಹಂಡೆಯ ಕೆಲಸ ಮಾಡಿತು.

“ಅದು ಹುಲಿಯಲ್ಲ, ಕಂಬಳಿ! ಬೇಲಿ ಮೇಲೆ ಒಣಗಿಹಾಕಿದ್ದ ಪಟ್ಟೆ ಕಂಬಳಿ!”

ನಾನು ಆಗ ಈರಣ್ಣನ ಟೀ ಅಂಗಡಿಯಲ್ಲಿದ್ದೆ. ಈರಣ್ಣ ಎತ್ತಿ ಹೊಯ್ಯುತ್ತಿದ್ದ ಟೀ ಲೋಟ ತಪ್ಪಿ ನನ್ನ ತೊಡೆಯ ಮೇಲೆ ಬಿತ್ತು. ಹೂವಿನ ಸಾಕಮ್ಮನ ಕೈಯಲ್ಲಿ ದಾರ ಹಾಗೇ ನಿಂತಿತು. ಪೇಟೆಗೆ ಪೇಟೆಯೇ ಗಪ್‌ಚಿಪ್. ಮತ್ತೆ ಹಂಡೆ ಕೂಗಿತು. ಆಮೇಲೆ ಮತ್ತೆ. ಮಾರನೆಯ ದಿನವೂ ಅದೇ ಹೊತ್ತಿಗೆ. ಕಲ್ಲೇಶಪ್ಪನ ಗಿರಣಿ ಹೋಗಿ ಬರುವವರ ದಾರಿಯಾದ್ದರಿಂದ ಅಲ್ಲಿಗೂ ಸುದ್ದಿ ಮುಟ್ಟಿತು, ಸಂಘದ ಅಣ್ಣಂದಿರೆಲ್ಲರಿಗೂ ಮುಟ್ಟಿತು, ಹಾಲು ಕುಡಿಯುವ ಕೂಸುಗಳನ್ನು ಬಿಟ್ಟರೆ ಗೊತ್ತಿಲ್ಲದವರು ಯಾರೂ ಉಳಿಯಲಿಲ್ಲ.

ಟೀ ಅಂಗಡಿಯಲ್ಲಿ ಸಭೆ ಸೇರಿತು. “ವರ್ಷಾ ವರ್ಷ ಪ್ರತಿಮೆಗೆ ಹಾರ ಹಾಕಿದ್ದೀನಲ್ಲಾ, ಕಂಬಳಿ ತಿವಿದದ್ದಕ್ಕಾ?” ಎಂದು ಸಾಕಮ್ಮ ಸೊಂಟದ ಮೇಲೆ ಕೈ ಇಟ್ಟಳು. ಯಾರೋ ಕಿಸಕ್ಕೆಂದರು. ಅದು ಹಬ್ಬಿಕೊಂಡು, ನಗು ತಡೆಯಲಾಗದೆ ಕೆಲವರು ಬೆಂಚಿನಿಂದ ಕೆಳಕ್ಕೆ ಬಂದರು. ನಗು ಇಳಿದ ಮೇಲೆ ಈರಣ್ಣ ಕಣ್ಣು ಒರೆಸಿಕೊಂಡು, “ಸರಿ, ನಕ್ಕಿದ್ದು ಆಯ್ತು. ಯಜಮಾನ್ರಿಗೆ ಇದು ತಿಳಿದ್ರೆ ಎದೆ ಒಡ್ಕೊಂಡು ಹೋಗ್ತಾರೆ. ಆ ಗುಟ್ಟು ಬಿಟ್ರೆ ಅವರಿಗೆ ಬೇರೆ ಏನೈತೆ, ಹೇಳಿ? ನಮಗೆ ಏನೂ ಕೇಳಿಸಿಲ್ಲ. ಅಷ್ಟೇ,” ಎಂದ. ಎಲ್ಲರೂ ಹೂಂ ಎಂದೆವು. ಹೂಂ ಎಂದ ಬಾಯಿ ಮುಚ್ಚುವಷ್ಟರಲ್ಲಿ ಇಡೀ ಅಂಗಡಿ ಘಮ್ಮೆಂದಿತು.

ಮರುದಿನ ಬೆಳಗ್ಗೆ ಮರುಳಯ್ಯನವರು ಎದ್ದರೆ ಮುಖದ ಮೇಲೆ ಒಂದೂ ನೊಣ ಇಲ್ಲ. ಹೊರಗೆ ಬಂದರೆ ಮೇಕೆಗಳು ಇವರ ಕಡೆ ತಿರುಗಿಯೂ ನೋಡಲಿಲ್ಲ. ಅಡುಗೆಮನೆಗೆ ಹೋದರು. ಗಪ್ಪೆಂದು ಮೂಗಿಗೆ ಹಲಸು ಹೊಡೆಯಿತು.

“ಏನೇ, ಹಲಸಿನಹಣ್ಣು ತಂದಿದ್ದೀಯಾ?”

“ಈ ಚಳೀಲಿ ಎಲ್ಲಿಯ ಹಲಸು ರೀ?” ಎಂದು ಹಾಲಮ್ಮ ಒಲೆಯ ಕಡೆ ಮುಖ ತಿರುಗಿಸಿ ಗಟ್ಟಿಯಾಗಿ ಊದತೊಡಗಿದರು. ಒಲೆ ಚೆನ್ನಾಗಿಯೇ ಉರಿಯುತ್ತಿತ್ತು.

ಮರುಳಯ್ಯನವರು ಒಲೆ ನೋಡಿದರು, ಹೆಂಡತಿಯನ್ನು ನೋಡಿದರು. ಹಾಲಮ್ಮ ತಮ್ಮಿಂದ ಏನನ್ನೋ ಮುಚ್ಚಿಡುವುದೇ? ಕಾಫಿ ಅರ್ಧಕ್ಕೇ ಬಿಟ್ಟು ಪೇಟೆಗೆ ನಡೆದರು. ಅಲ್ಲಿ ಸಾಕಮ್ಮನ ಮೈ ಹಲಸು, ಈರಣ್ಣನ ಮೈ ಹಲಸು, ಪೂಜಾರಪ್ಪನ ಮೈಯೂ ಹಲಸು. ಸಾಕಮ್ಮ ಕೇಳದಿದ್ದರೂ ಒಂದು ಮೊಳ ಮಲ್ಲಿಗೆ ಕೊಟ್ಟಳು. ಈರಣ್ಣ ಟೀ ಜೊತೆಗೆ ಬನ್ನು ಇಟ್ಟು “ತಿನ್ನಿ ಯಜಮಾನ್ರೇ, ಮೆತ್ತಗೈತೆ” ಎಂದ, ಕಾಯಿಲೆಯವರಿಗೆ ಹೇಳುವ ಹಾಗೆ. ಮರುಳಯ್ಯನವರು ಚಪ್ಪಲಿ ಬಿಚ್ಚಿ ಕಲ್ಲು ಕೊಡವಿದರು. ಸದಸ್ಯರಲ್ಲದವರೂ ಸೇರಿ ಇಡೀ ಬೀದಿ ಆಕಳಿಸಿತು.

ಅವರಿಗೆ ಎಲ್ಲ ಅರ್ಥವಾಯಿತು, ಅಂದರೆ ಎಲ್ಲವೂ ತಪ್ಪಾಗಿ ಅರ್ಥವಾಯಿತು. ಊರಿನಲ್ಲಿ ಇನ್ನೊಂದು ಗುಪ್ತ ಸಂಘ ಹುಟ್ಟಿದೆ. ಎಲ್ಲರೂ ಅದಕ್ಕೆ ಸೇರಿದ್ದಾರೆ. ತಮ್ಮ ಸಂಘದ ಅಣ್ಣಂದಿರೂ ಸೇರಿದ್ದಾರೆ, ಹಾಲಮ್ಮನೂ ಸೇರಿದ್ದಾಳೆ. ಕರೆಯದೆ ಬಿಟ್ಟದ್ದು ತಮ್ಮೊಬ್ಬರನ್ನು. ತಮ್ಮ ಗುಟ್ಟೋ, ಹಳೇ ಔಷಧಿಯ ಹಾಗೆ ಸತ್ವ ಕಳೆದುಕೊಂಡಿದೆ, ನೊಣಕ್ಕೂ ಬೇಡವಾಗಿದೆ. ಅಮಾವಾಸ್ಯೆಯ ದಿನ ಪಟ್ಟಕ್ಕೆ ಮೊದಲು ಅಣ್ಣಂದಿರು ಒಬ್ಬೊಬ್ಬರಾಗಿ ಬಂದು ದೊಡ್ಡಣ್ಣನನ್ನು ಮೂಸುವ ಶಾಸ್ತ್ರ ಬೇರೆ ಇದೆ. ವಾಸನೆ ಇಲ್ಲ ಎಂದರೆ ಪೇಟ ಕತ್ತೆಗೆ. ಇಷ್ಟು ತಲೆಮಾರು ಉಳಿದು ಬಂದದ್ದು ತಮ್ಮ ಕೈಯಲ್ಲಿ ಸಾಯುತ್ತದಲ್ಲ ಎಂದು ಅವರಿಗೆ ಅಳು ಬಂತು.

ಹಣ್ಣಿಗಾಗಿ ಹುಡುಕಿದರು, ಕಾಲವಲ್ಲ. ಕೊನೆಗೆ ಡಬ್ಬದ ತಳದಲ್ಲಿದ್ದ ಹಲಸಿನ ಹಪ್ಪಳವನ್ನು ಪುಡಿ ಮಾಡಿ ನೀರಲ್ಲಿ ಕಲಸಿ ಕಂಕುಳಿಗೆ ಹಚ್ಚಿಕೊಂಡರು. ಹಪ್ಪಳದಲ್ಲಿದ್ದ ಹಸಿಮೆಣಸಿನಕಾಯಿ ತನ್ನ ಕೆಲಸ ತೋರಿಸಿತು. ಕೈಗಳನ್ನು ಕೋಳಿಯ ರೆಕ್ಕೆಯಂತೆ ಎತ್ತಿಕೊಂಡು ಪಡಸಾಲೆಯಲ್ಲಿ ಕುಣಿಯುತ್ತಿದ್ದಾಗ ಹಾಲಮ್ಮ ಬಂದು ಕೊಬ್ಬರಿ ಎಣ್ಣೆ ಸವರಿದರು. ಸವರುತ್ತಿದ್ದ ಕೈ ಹಿಡಿದು ಮರುಳಯ್ಯನವರು ಕೇಳಿಯೇಬಿಟ್ಟರು.

“ನೀನೂ ಅವರ ಸಂಘಕ್ಕೆ ಸೇರ್ಕೊಂಡ್ಯಾ ಹಾಲೂ?”

“ಯಾವ ಸಂಘ ರೀ?”

“ಬೊಗಳಬೇಡ. ಊರೆಲ್ಲಾ ನಾರ್ತಾ ಐತೆ. ನೀನೂ ನಾರ್ತಾ ಇದ್ದೀಯ. ಇಷ್ಟು ವರ್ಷದಲ್ಲಿ ನೀನು ನನ್ನಿಂದ ಒಂದು ಉಪ್ಪಿನಕಾಯಿ ಹೋಳೂ ಮುಚ್ಚಿಟ್ಟೋಳಲ್ಲ.”

ಹಾಲಮ್ಮನಿಗೆ ತಡೆಯಲಾಗಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, “ಹಂಡೆ ಒಳಗೆ ತಲೆ ಹಾಕ್ಕೊಂಡು ಕೂಗಿದ್ರಲ್ಲ ರೀ. ಕೆರೆ ಏರಿ ಮೇಲೆ ಬಟ್ಟೆ ಒಗೆಯೋರಿಗೂ ಕೇಳಿಸ್ತು,” ಎಂದರು.

ಮರುಳಯ್ಯನವರು ಹಾಗೇ ಕೆಳಗೆ ಕೂತರು. ಅಂಗೈಗೆ ಅಂಟಿದ್ದ ಎಣ್ಣೆಯನ್ನು ಮೊಣಕಾಲಿಗೆ ಒರೆಸಿಕೊಂಡರು. ಆಮೇಲೆ, “ಮತ್ತೆ ಯಾರೂ ಹೇಳ್ಲಿಲ್ಲವಲ್ಲೇ?” ಎಂದರು.

“ನಿಮ್ಮ ಮುಖ ನೋಡಿ ಹೇಳೋಕೆ ಯಾರಿಗೆ ಬಾಯಿ ಬರುತ್ತೆ? ನಿಮಗೆ ನೋವಾಗ್ಬಾರ್ದು ಅಂತ ಇಡೀ ಊರು ಮೂಗು ಮುಚ್ಕೊಂಡು ತಿರುಗ್ತಾ ಐತೆ.”

ಅವರಿಗೆ ನಾಚಿಕೆಯೂ ಆಯಿತು, ಊರಿನ ಮೇಲೆ ಪ್ರೀತಿಯೂ ಉಕ್ಕಿತು, ಎರಡೂ ಸೇರಿ ಗೊಳೋ ಎಂದು ಅತ್ತುಬಿಟ್ಟರು. “ನಾಳೆ ನಾನೇ ಹೋಗಿ ಕತ್ತೆಗೆ ಪೇಟ ಸುತ್ತುತ್ತೀನಿ,” ಎಂದರು.

ಹಾಲಮ್ಮ ಅವರ ಬೆನ್ನು ಸವರುತ್ತಾ, “ಆ ಕಂಬಳಿಗೆ ಎಷ್ಟು ತೂತು?” ಎಂದು ಕೇಳಿದರು.

“ಏಳು. ಇನ್ನೆಷ್ಟಿರುತ್ತೆ?”

“ಕಪ್ಪು ಪಟ್ಟೆ, ಅಂಚಲ್ಲಿ ಕೆಂಪು ನೂಲಿನ ಗಂಟು ಐತಾ?”

“ನಿನಗೆ ಹೆಂಗೆ ಗೊತ್ತು?”

“ಅಯ್ಯೋ, ಅದು ನಮ್ಮ ಮುತ್ತಜ್ಜಿ ಕಂಬಳಿ ರೀ! ಗುಡ್ಡದ ಹತ್ರ ಬೇಲಿ ಮೇಲೆ ಹಾಕಿದ್ದ ಕಂಬಳಿ ಕದ್ದೋರ ವಂಶ ಚಳೀಲಿ ನಡುಗ್ಲಿ ಅಂತ ಸಾಯೋ ತನಕ ಶಾಪ ಹಾಕ್ತಿದ್ಳಂತೆ. ನಮ್ಮ ತವರಲ್ಲಿ ಇವತ್ತಿಗೂ ಅದೇ ಮಾತು.” ಹಾಲಮ್ಮ ಎದ್ದು ನಿಂತರು. “ಕೀ ಕೊಡಿ ಇಲ್ಲಿ.”

ಅವತ್ತು ರಾತ್ರಿ ಗಾಣದವರು ಊಟಕ್ಕೆ ಹೋಗಿದ್ದಾಗ ಗಂಡ ಹೆಂಡತಿ ಇಬ್ಬರೂ ಮಾಳಿಗೆ ಹತ್ತಿದರು. ವರ್ಷಾ ವರ್ಷ ನುಸಿ ಗುಳಿಗೆ ಹಾಕಿ ಕಾಪಾಡಿದ್ದ ಕಂಬಳಿ ಗಟ್ಟಿಮುಟ್ಟಾಗಿಯೇ ಇತ್ತು. ಹಾಲಮ್ಮ ಅದನ್ನು ಸೀರೆಯೊಳಗೆ ಸುತ್ತಿಕೊಂಡು ಬಸುರಿಯ ಹಾಗೆ ಮೆಟ್ಟಿಲು ಇಳಿದರು. ಖಾಲಿ ಪೆಟ್ಟಿಗೆಗೆ ಮತ್ತೆ ಬೀಗ ಬಿತ್ತು. ಮನೆಗೆ ಬಂದು ಬಿಸಿನೀರಲ್ಲಿ ಒಗೆದು, ಒಣಗಿದ ಮೇಲೆ ಏಳೂ ತೂತಿಗೆ ಏಳು ಬಣ್ಣದ ತೇಪೆ ಹಾಕಿ, ಇಬ್ಬರೂ ಹೊದ್ದುಕೊಂಡರು. ಆ ಚಳಿಗಾಲದಲ್ಲಿ ಊರಲ್ಲಿ ಬೆಚ್ಚಗೆ ಮಲಗಿದವರು ಅವರಿಬ್ಬರೇ ಎಂದು ಕಾಣುತ್ತದೆ.

ಇತ್ತ ನಮ್ಮ ಕಥೆ ಕೇಳಿ. ಮರುಳಯ್ಯನವರಿಗೆ ವಿಷಯ ತಿಳಿದ ಕ್ಷಣವೇ ನಮ್ಮೆಲ್ಲರ ವಾಸನೆ ಹೋಯಿತಲ್ಲ, ನಮಗೆ ಗೊತ್ತಾಯಿತು, ಯಜಮಾನರಿಗೆ ತಿಳಿದುಹೋಗಿದೆ ಎಂದು. ಬಂದರೆ ಏನು ಹೇಳಿ ಸಮಾಧಾನ ಮಾಡುವುದು ಎಂದು ಮಾರನೆಯ ದಿನ ಈರಣ್ಣನ ಅಂಗಡಿಯಲ್ಲಿ ಸಪ್ಪೆ ಮುಖ ಹಾಕಿಕೊಂಡು ಕೂತಿದ್ದೆವು. ಆಗ ಬೀದಿಯ ತುದಿಯಲ್ಲಿ ಗುಂಯ್ ಎಂಬ ಸದ್ದು ಕೇಳಿತು. ನೊಣ! ಅದರ ಹಿಂದೆ ಊರಿನ ಅಷ್ಟೂ ಮೇಕೆಗಳು. ನಡುವೆ ಮರುಳಯ್ಯನವರು, ಹಿಂದೆಂದೂ ಬಾರದಷ್ಟು ವಾಸನೆ ಬೀರುತ್ತಾ, ಎಲ್ಲರಿಗೂ ನಮಸ್ಕಾರ ಮಾಡುತ್ತಾ ಹೋದರು.

“ಇನ್ನೂ ಏನೋ ಐತೆ!” ಎಂದು ಸಾಕಮ್ಮ ಎದೆ ಮೇಲೆ ಕೈ ಇಟ್ಟುಕೊಂಡಳು.

ಈರಣ್ಣ ತಲೆ ಚಚ್ಚಿಕೊಂಡ. “ನಾವೆಂಥ ದಡ್ಡರು! ಕಂಬಳಿ ಅನ್ನೋದು ಸುಳ್ಳು ಕಣ್ರೋ. ಹಂಡೇಲಿ ಕೂಗಿದ್ದು ಬೇಕಂತಲೇ, ನಮ್ಮ ದಾರಿ ತಪ್ಪಿಸೋಕೆ. ನಿಜವಾದ ಗುಟ್ಟು ಒಳಗೇ ಐತೆ!” ಎಂದ. ಸರಿ, ಹುಲಿ ಮತ್ತೆ ಹುಲಿಯಾಯಿತು. ಸಾಕಮ್ಮ ಓಡಿಹೋಗಿ ಪ್ರತಿಮೆಗೆ ಹಾರ ಹಾಕಿದಳು, ತಪ್ಪಾಯಿತು ಎಂದು ಕೆನ್ನೆ ಬಡಿದುಕೊಂಡಳು.

ಹಾಲಮ್ಮನ ಮೈಯಲ್ಲೂ ವಾಸನೆ ಇತ್ತು, ಗಂಡನಿಂದ ತಗುಲಿದ್ದು ಎಂದುಕೊಂಡೆವು. ಮನೆಯಲ್ಲಿ ಪಿಸುಮಾತಿನ ತಾಲೀಮು ಶುರುವಾಯಿತು. ಪೆಟ್ಟಿಗೆ ಖಾಲಿ ಎಂಬ ಎರಡೇ ಪದ. ಹಾಲಮ್ಮ ಕೋಣೆಯ ಮೂಲೆಯಲ್ಲಿ ನಿಂತು, ಕೇಳಿಸಿದರೆ ಕೈ ಎತ್ತುತ್ತಿದ್ದರು. ಮೊದಲ ಸಲ ಕೈ ಎತ್ತಿದ್ದು ಪಕ್ಕದ ಮನೆಯವರು, ಏನು ಖಾಲಿ ಎಂದು ಗೋಡೆಯಾಚೆಯಿಂದ ಕೇಳಿದರು. ಸಕ್ಕರೆ ಎಂದು ಹಾಲಮ್ಮ ಕೂಗಿ ಹೇಳಿ, ಅವರು ಕೊಟ್ಟ ಒಂದು ಬಟ್ಟಲು ಸಕ್ಕರೆ ಇಸಿದುಕೊಂಡರು. ಆಮೇಲೆ ಮರುಳಯ್ಯನವರು ದನಿಯನ್ನು ಇಳಿಸಿದರು, ಇನ್ನೂ ಇಳಿಸಿದರು. ಅಮಾವಾಸ್ಯೆಯ ಹೊತ್ತಿಗೆ ಹಾಲಮ್ಮ ಅವರ ಬಾಯಿಗೆ ಕಿವಿ ಹಚ್ಚಿ ನಿಂತರೂ ಕೈ ಎತ್ತುವ ಹಾಗಿರಲಿಲ್ಲ. “ಇದು ಸರಿ,” ಎಂದರು ಹಾಲಮ್ಮ.

ಅಮಾವಾಸ್ಯೆಯ ಮಧ್ಯಾಹ್ನ ಮಾಳಿಗೆ ಕಿಕ್ಕಿರಿದಿತ್ತು. ಗಾಣದ ಕೆಳಗೆ ಊರೆಲ್ಲ ಕತ್ತೆತ್ತಿ ನಿಂತಿತ್ತು. ಅಣ್ಣಂದಿರು ಒಬ್ಬೊಬ್ಬರಾಗಿ ಬಂದು ದೊಡ್ಡಣ್ಣನನ್ನು ಮೂಸಿದರು, ಇಬ್ಬರಿಗೆ ತಲೆಸುತ್ತು ಬಂತು. ಕಲ್ಲೇಶಪ್ಪ ಹೊಸ ಪಂಚೆಯುಟ್ಟು, ಗೋಡೆಗೆ ಮುಖ ಮಾಡಿ, ಬಲಗಿವಿ ಕೊಟ್ಟು ಕೂತ. ಮರುಳಯ್ಯನವರು ಬಗ್ಗಿದರು. ತುಟಿ ಅಲ್ಲಾಡಿತು. ಒಂದೇ ಉಸಿರು, ಒಂದೇ ಸಲ. ಮುಗಿಯಿತು.

ಹುಟ್ಟಿದಾಗಿನಿಂದ ಗಿರಣಿಯ ಸದ್ದಿನ ಪಕ್ಕದಲ್ಲೇ ಬೆಳೆದ ಕಿವಿ ಅದು. ಕಲ್ಲೇಶಪ್ಪ ಇನ್ನೂ ಕಾಯುತ್ತಿದ್ದ. ಮರುಳಯ್ಯನವರು ಹಿಂದಕ್ಕೆ ಸರಿದು ಪೇಟ ಬಿಚ್ಚಿದ್ದನ್ನು ಕಂಡು ಅವನ ಕಣ್ಣು ದೊಡ್ಡದಾಯಿತು. ಬಾಯಿ ತೆರೆದ. ಕೇಳುವಂತಿಲ್ಲ. ಸುತ್ತ ಅಣ್ಣಂದಿರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದಾರೆ, ಕೆಳಗೆ ಊರು ಕಾಯುತ್ತಿದೆ. ಕಲ್ಲೇಶಪ್ಪ ಬಾಯಿ ಮುಚ್ಚಿಕೊಂಡು ಜೋರು ಜೋರಾಗಿ ತಲೆಯಾಡಿಸಿದ. ಆ ಕ್ಷಣವೇ ಅವನ ಮೈಯಿಂದ ಹಲಸಿನ ವಾಸನೆ ಭುಗಿಲೆಂದು ಎದ್ದಿತು. “ಬಂತು! ಗುಟ್ಟು ಬಂತು!” ಎಂದು ಅಣ್ಣಂದಿರು ಕುಣಿದರು. ಕೆಳಗೆ ಪಟಾಕಿ ಹಾರಿತು.

ಕೇಳಿಸದವನು ಹೇಗೆ ತಲೆಯಾಡಿಸುತ್ತಾನೆ ಎಂದು ಮರುಳಯ್ಯನವರಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಕೀ ಕೊಡುವಾಗ ನಗು ತಡೆಯಲು ತುಟಿ ಕಚ್ಚಿಕೊಂಡರು.

ಮಾರನೆಯ ದಿನ ಕಲ್ಲೇಶಪ್ಪ ಪೇಟ ಸುತ್ತಿಕೊಂಡು, ನೊಣಗಳ ಸಮೇತ ಪಾತ್ರೆ ಅಂಗಡಿಗೆ ಬಂದ. ಒಂದು ತಂಬಿಗೆ ಎತ್ತಿ ನೋಡಿದ, ಇಟ್ಟ. ಒಂದು ಸೌಟು ಎತ್ತಿದ. ಕೊನೆಗೆ ಸ್ಟೂಲಿನ ತುದಿಯಲ್ಲಿ ಕೂತು, “ಭಾರವಾದ ಗುಟ್ಟಣ್ಣಾ,” ಎಂದ.

“ಹೌದಣ್ಣಾ. ಹೊರೋದು ಕಲೀಬೇಕು.”

“ರಾತ್ರಿಯೆಲ್ಲಾ ನಿದ್ದೆ ಇಲ್ಲ. ಅದನ್ನೇ ಯೋಚನೆ ಮಾಡ್ತಾ ಇದ್ದೆ.” ಸೊಂಟದ ಕೀಯನ್ನು ತಿರುವುತ್ತಾ, “ಪೆಟ್ಟಿಗೆ ಒಂದ್ಸಲ ತೆಗೆದು ನೋಡ್ಲಾ ಅಣ್ಣಾ?” ಎಂದ.

ಮರುಳಯ್ಯನವರು ಕೆತ್ತುತ್ತಿದ್ದ ಬೋಸಿಯನ್ನು ಪಕ್ಕಕ್ಕಿಟ್ಟು ಅವನ ಮುಖವನ್ನೇ ನೋಡಿದರು. “ನೀನೇ ದೊಡ್ಡಣ್ಣ, ಕೀ ನಿನ್ನದೇ. ಆದ್ರೆ ನಾನು ಹೇಳಿದ್ದನ್ನ ಕೇಳಿಸ್ಕೊಂಡ ಮೇಲೂ ತೆಗೆದು ನೋಡ್ಬೇಕು ಅನ್ನಿಸ್ತೈತಾ ನಿನಗೆ?”

ಕಲ್ಲೇಶಪ್ಪ ದಡಬಡ ಎದ್ದು ನಿಂತ. “ಛೆ ಛೆ, ಎಲ್ಲಾದ್ರೂ ಉಂಟಾ? ಅಷ್ಟು ಸ್ಪಷ್ಟವಾಗಿ ಕೇಳಿಸ್ಕೊಂಡ ಮೇಲೆ ಇನ್ನು ನೋಡೋದೇನಣ್ಣಾ!” ಎಂದು ಕೀಯನ್ನು ಪಂಚೆಯೊಳಗೆ ಇನ್ನಷ್ಟು ಆಳಕ್ಕೆ ಸಿಕ್ಕಿಸಿಕೊಂಡ. ಆಮೇಲೆ ಎದೆಯುಬ್ಬಿಸಿಕೊಂಡು, ಎರಡೂ ಬದಿಯ ಅಂಗಡಿಯವರಿಗೆ ಗಂಭೀರವಾಗಿ ತಲೆಬಾಗಿಸುತ್ತಾ ಪೇಟೆಯ ಉದ್ದಕ್ಕೂ ನಡೆದುಹೋದ.